ಕಣ್ಣು ಮುಚ್ಚಿಸುವ ಬಟನ್

ಜನವರಿ 16

ಚಿತ್ರ ತಿದ್ದುವ ತಂತ್ರಾಂಶದ ಸಲಹಾ ವಿಭಾಗದವರಿಗೆ,

ನಮಸ್ಕಾರ. ‘ನಿಮ್ಮ ಸಲಹೆಗಳಿಗೆ ಸ್ವಾಗತ’ ಅಂತ ತೆರೆಯ ಮೂಲೆಯಲ್ಲಿ ದಿನಾ ಬರುತ್ತದೆ. ಇಷ್ಟು ದಿನ ನೊಣ ಓಡಿಸಿದ ಹಾಗೆ ಅದನ್ನು ಓಡಿಸುತ್ತಿದ್ದೆ. ಇವತ್ತು ಬರೆಯೋಣ ಅನ್ನಿಸಿತು.

ನಾನು ಫೋಟೋ ಸ್ಟುಡಿಯೋ ಇಟ್ಟು ಮೂವತ್ತೈದು ವರ್ಷವಾಯಿತು. ಔಷಧಿ ಅಂಗಡಿಯ ಮೇಲಿನ ಮಹಡಿ, ಮುಂದಿನ ಎರಡು ಕೋಣೆ ಸ್ಟುಡಿಯೋ, ಹಿಂದಿನ ಎರಡು ನಮ್ಮ ಮನೆ. ಹಳೆ ಫೋಟೋ ತಿದ್ದಿ ದೊಡ್ಡದು ಮಾಡಿಕೊಡುವುದು ನನ್ನ ಮುಖ್ಯ ಕಸುಬು. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ, ಹನ್ನೊಂದು ವರ್ಷದಿಂದ ನಿಮ್ಮ ತಂತ್ರಾಂಶದಿಂದ. ಬೀದಿಯಲ್ಲಿ ಎಲ್ಲರೂ ನನ್ನನ್ನು ಟಚಪ್ ಮೇಷ್ಟ್ರು ಅಂತಲೇ ಕರೆಯುವುದು.

ಬೂದು ಹಲಗೆಯ ಮೇಲೆ ಬೂದು ಅಕ್ಷರ ಬರೆದ ಪುಣ್ಯಾತ್ಮ ಯಾರೋ, ಅವನಿಗೆ ನನ್ನ ಕನ್ನಡಕ ಒಂದು ದಿನ ಹಾಕಿಸಬೇಕು. ಚುಕ್ಕೆ ಅಳಿಸುವ ಬ್ರಷ್ಷಿಗೆ ಬೂಷ್ಟು ಯಾವುದು, ಕೆನ್ನೆಯ ಮಚ್ಚೆ ಯಾವುದು ಗೊತ್ತಾಗುವುದಿಲ್ಲ, ಎರಡನ್ನೂ ಗುಡಿಸಿ ಹಾಕುತ್ತದೆ. ಮಚ್ಚೆ ಹೋದರೆ ಮನೆಯವರು ಸುಮ್ಮನಿರುತ್ತಾರೆಯೇ? ಮತ್ತೆ, ಫೈಲು ತೆರೆದಿರುವಾಗ ನೂರು ಹೆಜ್ಜೆ ಹಿಂದೆ ಹೋಗಬಹುದು, ಸೇವ್ ಮಾಡಿ ಮುಚ್ಚಿದರೆ ಮುಗಿಯಿತು, ದಾರಿಯೇ ಇಲ್ಲ. ಇದು ಯಾವ ನ್ಯಾಯ ಸ್ವಾಮಿ? ಮನುಷ್ಯನಿಗೆ ತಪ್ಪು ಗೊತ್ತಾಗುವುದೇ ಮಾರನೇ ದಿನ.

ಕೊನೆಯದು ಸಣ್ಣ ವಿಷಯ. ಹೊಸ ಆವೃತ್ತಿಯಲ್ಲಿ ‘ಕಣ್ಣು ತೆರೆಸು’ ಅಂತ ಬಟನ್ ಕೊಟ್ಟಿದ್ದೀರಿ. ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಒಂದೇ ಒತ್ತಿಗೆ ಕಣ್ಣು ಬರುತ್ತದೆ. ಅದರ ಪಕ್ಕದಲ್ಲಿ ‘ಕಣ್ಣು ಮುಚ್ಚಿಸು’ ಅಂತ ಇನ್ನೊಂದು ಕೊಡಿ. ಬೇಗ ಆದರೆ ಉಪಕಾರ.

ಇಂತು,
ಟಚಪ್ ಮೇಷ್ಟ್ರು

ಜನವರಿ 24

ಮಾನ್ಯ ಬಳಕೆದಾರರೇ,

ತಮ್ಮ ಅಮೂಲ್ಯ ಸಲಹೆಗಳಿಗೆ ಧನ್ಯವಾದ. ಅಕ್ಷರದ ಬಣ್ಣ ಮತ್ತು ಬ್ರಷ್ ಕುರಿತ ಸಲಹೆಗಳನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ. ಮುಚ್ಚಿದ ಫೈಲಿನಲ್ಲಿ ಹಿಂದಿನ ಹೆಜ್ಜೆಗಳನ್ನು ಉಳಿಸುವ ಸಲಹೆ ಈಗಾಗಲೇ ಪಟ್ಟಿಯಲ್ಲಿದೆ, ಪರಿಶೀಲನೆಯಲ್ಲಿದೆ.

‘ಕಣ್ಣು ಮುಚ್ಚಿಸು’ ಸೌಲಭ್ಯವನ್ನು ಇದುವರೆಗೆ ಬೇರೆ ಯಾರೂ ಕೇಳಿಲ್ಲ. ಯಾವುದೇ ಸಲಹೆ ಮುಂದುವರಿಯಬೇಕಾದರೆ ಕನಿಷ್ಠ ಐವತ್ತು ಬಳಕೆದಾರರ ಬೆಂಬಲ ಬೇಕು. ಇದನ್ನು ಯಾವ ಉದ್ದೇಶಕ್ಕೆ ಬಳಸುತ್ತೀರಿ ಎಂದು ತಿಳಿಸಿದರೆ ದಾಖಲಿಸಿಕೊಳ್ಳುತ್ತೇವೆ.

ವಿಶ್ವಾಸದಿಂದ,
ಮೇಜು ನಾಲ್ಕು, ಸಲಹಾ ವಿಭಾಗ

ಜನವರಿ 27

ಮೇಜು ನಾಲ್ಕರವರಿಗೆ,

ಮೇಜು ಪತ್ರ ಬರೆಯುವ ಕಾಲ ಬಂತು, ಇರಲಿ. ಮರವೋ ಮನುಷ್ಯರೋ, ಉತ್ತರ ಕೊಟ್ಟಿರಲ್ಲ, ಸಂತೋಷ. ‘ಪಟ್ಟಿಯಲ್ಲಿದೆ, ಪರಿಶೀಲನೆಯಲ್ಲಿದೆ’ ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು, ಅದನ್ನೂ ಬಿಡಿ.

ಉದ್ದೇಶ ಕೇಳಿದ್ದೀರಿ. ನನ್ನ ಹತ್ತಿರ ಬರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ತೀರಿಕೊಂಡವರದು. ಗುಂಪಿನಲ್ಲಿ ನಿಂತ ಬೆರಳಗಾತ್ರದ ಮುಖ ತಂದು ‘ಇದನ್ನೇ ದೊಡ್ಡದು ಮಾಡಿ, ಬೇರೆ ಇಲ್ಲ’ ಅನ್ನುತ್ತಾರೆ. ಅವರಿಗೆ ಮುಖ ಚೆಂದ ಇರುವುದು ಮುಖ್ಯವಲ್ಲ, ಅದೇ ಮುಖ ಆಗಿರಬೇಕು. ಹಲ್ಲು ಉಬ್ಬಿದ್ದರೆ ಉಬ್ಬೇ ಬೇಕು. ಇದು ನನಗೆ ತಿಳಿಯದ್ದೇನಲ್ಲ, ಕೂದಲು ಹಣ್ಣಾಗಿದ್ದೇ ಇದರಲ್ಲಿ.

ಒಬ್ಬ ಗಿರಾಕಿ ಇದ್ದಾಳೆ. ಅವಳ ಮಗಳ ಫೋಟೋ. ಮಗು ಕಣ್ಣು ಮುಚ್ಚಿದ ಗಳಿಗೆಗೇ ಕ್ಯಾಮರಾ ಒತ್ತಿದ್ದರು. ತಿದ್ದುವವರು ಕಣ್ಣು ತೆರೆಸಿಬಿಟ್ಟರು. ಈಗ ಆಕೆ ಇದು ನನ್ನ ಮಗಳಲ್ಲ ಅನ್ನುತ್ತಾಳೆ. ನಾನೂ ಕನ್ನಡಕ ಒರೆಸಿ ಒರೆಸಿ ನೋಡಿದೆ. ಮೂಗು ಅದೇ, ತುಟಿ ಅದೇ, ಹಣೆಯ ಮೇಲೆ ಬಿದ್ದ ಕೂದಲೂ ಅದೇ. ಕಣ್ಣು ಮಾತ್ರ ದೊಡ್ಡದಾಗಿ, ಕಪ್ಪಾಗಿ, ಅಂಗಡಿ ಬೊಂಬೆಯ ಕಣ್ಣಿನ ಹಾಗೆ ನೆಟ್ಟಗೆ ನೋಡುತ್ತದೆ. ಆ ಮಗು ಬದುಕಿದ್ದಷ್ಟು ದಿನ ಹಾಗೆ ನೋಡಿದ್ದೇ ಇಲ್ಲ, ತಲೆ ಓರೆ ಮಾಡಿ ನೋಡುತ್ತಿತ್ತಂತೆ.

ನನಗೆ ಒಂದೇ ಪ್ರಶ್ನೆ. ಆ ಕಣ್ಣು ಯಾರದು? ಎಲ್ಲಿಂದ ತಂದು ಇಟ್ಟಿರಿ?

ಟಚಪ್ ಮೇಷ್ಟ್ರು

ಫೆಬ್ರವರಿ 9

ಮಾನ್ಯ ಮೇಷ್ಟ್ರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಮೇಜಿನ ಹಿಂದೆ ಮನುಷ್ಯಳೇ ಇದ್ದೇನೆ. ಮೊದಲ ಉತ್ತರ ಅಚ್ಚಿನಲ್ಲಿ ಸಿದ್ಧವಿರುತ್ತದೆ, ಇದನ್ನು ಮಾತ್ರ ನಾನೇ ಬರೆಯುತ್ತಿದ್ದೇನೆ.

ಆ ಕಣ್ಣು ಯಾರದೂ ಅಲ್ಲ. ಬಟನ್ ಒತ್ತಿದಾಗ ಫೋಟೋ ನಮ್ಮ ಕಂಪನಿಯ ಯಂತ್ರಕ್ಕೆ ಬರುತ್ತದೆ. ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಆ ಯಂತ್ರ, ಇಂಥ ಮುಖಕ್ಕೆ ಇಂಥ ಕಣ್ಣು ಇರಬಹುದು ಎಂದು ಊಹಿಸಿ ಬರೆದು ಕಳುಹಿಸುತ್ತದೆ. ಮೂಲ ಫೋಟೋದ ಪ್ರತಿ ಹೇಗೂ ನಿಮ್ಮಲ್ಲಿ ಇದ್ದೇ ಇರುತ್ತದೆ, ನಿಮ್ಮಷ್ಟು ಅನುಭವಿಗಳಿಗೆ ಅದನ್ನು ಹೇಳಬೇಕಾಗಿಲ್ಲ. ಆ ಪ್ರತಿಯನ್ನೇ ಗಿರಾಕಿಗೆ ಕೊಟ್ಟುಬಿಡಿ.

ಒಂದು ಮಾತು ಹೇಳಲೇ? ದಿನಕ್ಕೆ ಇನ್ನೂರು ಪತ್ರ ಓದುತ್ತೇನೆ, ಎಲ್ಲವೂ ಒಂದೇ ಥರ. ನಿಮ್ಮದನ್ನು ಪಕ್ಕದ ಮೇಜಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕನ್ನಡಕ ಹಾಕಿಸಬೇಕು ಅಂದಿದ್ದಕ್ಕೂ, ಅಂಗಡಿ ಬೊಂಬೆಗೂ ನಕ್ಕು ನಕ್ಕು ಸಾಕಾಯಿತು. ಹೀಗೇ ಬರೆಯುತ್ತಿರಿ.

ಮೇಜು ನಾಲ್ಕು

ಮಾರ್ಚ್ 5

ಮಾನ್ಯ ಬಳಕೆದಾರರೇ,

‘ಕಣ್ಣು ಮುಚ್ಚಿಸು’ ಸಲಹೆಗೆ ಇದುವರೆಗೆ ಮೂವರ ಬೆಂಬಲ ದೊರೆತಿದೆ. ನಿಗದಿತ ಅವಧಿ ಮುಗಿದ ಕಾರಣ ಸಲಹೆಯನ್ನು ಮುಕ್ತಾಯಗೊಳಿಸಲಾಗಿದೆ. ನಮ್ಮ ಸೇವೆ ತೃಪ್ತಿಕರವಾಗಿತ್ತೇ? ಕೆಳಗಿನ ಐದು ನಕ್ಷತ್ರಗಳಲ್ಲಿ ಸೂಕ್ತವಾದುದನ್ನು ಒತ್ತಿ.

(ಇದು ಅಚ್ಚಿನ ಪತ್ರ ಮೇಷ್ಟ್ರೇ, ತಾನಾಗಿ ಹೋಗುತ್ತದೆ. ಮೂವರಲ್ಲಿ ಒಬ್ಬಳು ನಾನು, ಇನ್ನೊಬ್ಬರು ಪಕ್ಕದ ಮೇಜಿನವರು. ಒಂದು ತಿಂಗಳಿಂದ ನಿಮ್ಮ ಸುದ್ದಿಯೇ ಇಲ್ಲ. ಗಿರಾಕಿ ಒಪ್ಪಿದಳೇ?)

ಮೇಜು ನಾಲ್ಕು

ಮಾರ್ಚ್ 9

ಮೇಜು ನಾಲ್ಕರ ತಾಯಿಗೆ,

ನಕ್ಷತ್ರ ಒತ್ತಲಿಲ್ಲ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಗಿರಾಕಿ ಒಪ್ಪಿಲ್ಲ. ಈಗ ಕೈಯಲ್ಲೇ ರೆಪ್ಪೆ ಬರೆಯುತ್ತಿದ್ದೇನೆ. ಅದು ಸುಲಭದ ಕೆಲಸ ಅಂತ ನಾನೂ ತಿಳಿದಿದ್ದೆ. ಕಣ್ಣು ಮುಚ್ಚಿದ ಮಾತ್ರಕ್ಕೆ ರೆಪ್ಪೆ ಚಪ್ಪಟೆ ಆಗುವುದಿಲ್ಲ, ಒಳಗಿನ ಗುಡ್ಡೆ ಉಬ್ಬಿ ಕಾಣಬೇಕು. ಉಬ್ಬು ಜಾಸ್ತಿಯಾದರೆ ಅತ್ತು ಊದಿದ ಹಾಗೆ. ಕಡಿಮೆಯಾದರೆ, ಬೇಡ, ಅದನ್ನು ಬರೆಯಲಾರೆ. ಮಲಗಿದವರ ರೆಪ್ಪೆ ಬೇರೆ, ಬೆಳಕಿಗೆ ಬೆಚ್ಚಿ ಮುಚ್ಚಿದ ರೆಪ್ಪೆ ಬೇರೆ. ಬೆಚ್ಚಿದಾಗ ಹುಬ್ಬಿನ ನಡುವೆ ಒಂದು ಗೆರೆ ಬರುತ್ತದೆ. ನಿಮ್ಮ ಯಂತ್ರ ಕಣ್ಣು ತೆರೆಸುವಾಗ ಆ ಗೆರೆಯನ್ನೂ ಇಸ್ತ್ರಿ ಹೊಡೆದು ಹಾಕಿದೆ.

ಇವತ್ತಿನದು ಹದಿನಾಲ್ಕನೇ ಪ್ರಿಂಟು. ಬೆಳಗ್ಗೆ ಅಡುಗೆಮನೆಯಲ್ಲಿ ಕೂತಿದ್ದಾಗ ಮುಂದೆ ಹಿಡಿದೆ. ನೋಡಿದಳು. ‘ಪಾಪ, ಈ ಮಗೂಗೆ ಹುಷಾರಿಲ್ವಾ?’ ಅಂದಳು. ಆಮೇಲೆ ಬಟಾಣಿ ಸುಲಿಯುವುದಕ್ಕೆ ಶುರು ಮಾಡಿದಳು.

ನಿಮ್ಮಲ್ಲಿ ರೆಪ್ಪೆಕೂದಲು ಬರೆಯುವ ಬ್ರಷ್ಷು ಇದೆಯಲ್ಲ, ಅದರ ತುದಿ ಇನ್ನೂ ತೆಳುವಾಗಬೇಕು. ಮಕ್ಕಳ ರೆಪ್ಪೆಗೆ ಅದು ಪೊರಕೆ ಆಗುತ್ತದೆ. ಇದನ್ನು ಸಲಹೆ ಅಂತ ಬರೆದುಕೊಳ್ಳಿ.

ಟಚಪ್ ಮೇಷ್ಟ್ರು

ಮಾರ್ಚ್ 15

ಮಾನ್ಯ ಮೇಷ್ಟ್ರಿಗೆ,

ಬ್ರಷ್ಷಿನ ಸಲಹೆ ದಾಖಲಾಗಿದೆ.

ಚಿಕ್ಕವಳು ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹದಿನಾಲ್ಕು ಪ್ರಿಂಟು ತೆಗೆದಿದ್ದೀರಿ, ಇನ್ನು ಸಾಕು. ಕೆಲವು ಗಿರಾಕಿಗಳಿಗೆ ಚಿನ್ನದಲ್ಲಿ ಅದ್ದಿಕೊಟ್ಟರೂ ಸಮಾಧಾನ ಇರುವುದಿಲ್ಲ. ನನ್ನ ಕೆಲಸದಲ್ಲೂ ಅಂಥವರು ಸಿಗುತ್ತಾರೆ. ಸಿಕ್ಕಿದ್ದನ್ನು ಬಿಟ್ಟು ಇಲ್ಲದ್ದನ್ನೇ ಹುಡುಕುತ್ತಾರೆ. ‘ನನ್ನ ಕೈಲಾದದ್ದು ಮಾಡಿದ್ದೇನಮ್ಮ, ತಗೊಂಡು ಹೋಗಿ’ ಅಂತ ನಯವಾಗಿ ಹೇಳಿ ಕಳಿಸಿಬಿಡಿ. ಆಕೆಗೂ ಒಂದು ದಿನ ಅಭ್ಯಾಸವಾಗುತ್ತದೆ. ನೀವೇಕೆ ಇಷ್ಟು ಒದ್ದಾಡಬೇಕು?

ಮೇಜು ನಾಲ್ಕು

ಏಪ್ರಿಲ್ 19

ತಾಯಿ,

ಕಳಿಸಿಬಿಡಿ ಅಂದಿರಿ. ಎಲ್ಲಿಗೆ ಕಳಿಸಲಿ? ಅವಳು ನನ್ನ ಹೆಂಡತಿ.

ನಿಮ್ಮ ಪತ್ರ ಓದಿ ಮೈ ಉರಿದುಹೋಯಿತು. ಬಾಯಿಗೆ ಬಂದಂತೆ ಒಂದು ಉತ್ತರ ಬರೆದೆ, ಹರಿದು ಹಾಕಿದೆ. ಸುಳ್ಳು ಹೇಳಿದವನು ನಾನು, ನಿಮ್ಮ ಮೇಲೆ ಯಾಕೆ ಕೂಗಾಡಲಿ? ಒಂದು ತಿಂಗಳು ಬೇಕಾಯಿತು ಈ ಪತ್ರಕ್ಕೆ. ಮೂವತ್ತೈದು ವರ್ಷದ ಕೆಲಸಗಾರ ತನ್ನ ಮನೆಯ ಫೋಟೋವನ್ನೇ ಹಾಳು ಮಾಡಿಕೊಂಡ ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆ.

ನಮ್ಮ ಮಗಳನ್ನು ಗುಬ್ಬಿ ಅಂತ ಕರೆಯುತ್ತಿದ್ದೆವು. ಏಳು ವರ್ಷಕ್ಕೆ ಹೋದಳು, ಜ್ವರ ಬಂದು ನಾಲ್ಕೇ ದಿನ. ಇಪ್ಪತ್ತೆರಡು ವರ್ಷವಾಯಿತು. ಊರಿನ ಮಕ್ಕಳನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದವನು ನಾನು. ಅವಳದ್ದು ನಾಳೆ ತೆಗೆದರಾಯಿತು, ಎಲ್ಲಿ ಹೋಗುತ್ತಾಳೆ, ಮನೆಯಲ್ಲೇ ಇದ್ದಾಳಲ್ಲ ಅಂತ. ಯಾರದೋ ಮದುವೆಯ ರೋಲಿನಲ್ಲಿ ಕೊನೆಗೆ ಒಂದು ಫ್ರೇಮು ಉಳಿದಿತ್ತು. ‘ಗುಬ್ಬೀ, ಇಲ್ಲಿ ನೋಡು’ ಅಂದೆ. ಫ್ಲಾಷಿಗೆ ಬೆಚ್ಚಿ ಕಣ್ಣು ಮುಚ್ಚಿದಳು. ಇರುವುದು ಅದೊಂದೇ. ಅದರ ನೆಗೆಟಿವ್ ಕೂಡ ಮದುವೆಯವರ ಕಟ್ಟಿನ ಜೊತೆ ಹೋಯಿತು.

ಕಣ್ಣು ಮುಚ್ಚಿದ ಫೋಟೋ ಹೊರಗೆ ಬಿಡುವುದು ನಮ್ಮ ಕಸುಬಿನಲ್ಲಿ ಅವಮಾನ. ತಿದ್ದಿಕೊಡುತ್ತೇನೆ ಅಂತ ಎಷ್ಟು ಸಲ ಕೇಳಿದ್ದೆ. ‘ಕೈ ಹಚ್ಚಿದ್ರೆ ನೋಡಿ ಮತ್ತೆ’ ಅನ್ನುತ್ತಿದ್ದಳು. ಅಡುಗೆಮನೆಯ ಕಿಟಕಿ ಪಕ್ಕ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಳು.

ಎರಡು ವರ್ಷದಿಂದ ಅವಳಿಗೆ ಮರೆವು. ಒಲೆ ಆರಿಸುವುದು ಮರೆಯಿತು, ತಂಗಿಯ ಹೆಸರು ಮರೆಯಿತು, ಈಗೀಗ ನಾನೂ ‘ಸ್ಟುಡಿಯೋದವರು’ ಆಗಿದ್ದೇನೆ. ಆದರೆ ದಿನಾ ಬೆಳಗ್ಗೆ ಆ ಫೋಟೋ ಕೈಗೆ ತೆಗೆದುಕೊಂಡು, ‘ನೋಡಿ, ನಮ್ ಗುಬ್ಬಿ ಹೆಂಗೆ ಹೆದರ್ಕೊಂಡಿದಾಳೆ’ ಅಂತ ನಗುತ್ತಿದ್ದಳು. ‘ನಮ್’ ಅನ್ನುತ್ತಿದ್ದಳು. ಆ ಹತ್ತು ನಿಮಿಷ ಅವಳು ತಾಯಿ, ನಾನು ಅವಳ ಗಂಡ. ಉಳಿದ ದಿನವೆಲ್ಲ ಅದರ ಮೇಲೇ ದೂಡುತ್ತಿದ್ದೆ.

ಫೋಟೋಗೆ ಬೂಷ್ಟು ಹಿಡಿದು ಕೆನ್ನೆಯವರೆಗೆ ಬಂದಿತ್ತು. ಜನವರಿ ಹನ್ನೆರಡರಂದು ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಬೂಷ್ಟು ತೆಗೆದೆ, ಚೆನ್ನಾಗಿ ಬಂತು. ಅಲ್ಲಿಗೆ ಏಳಬೇಕಿತ್ತು. ಮೇಲುಗಡೆ ಹೊಸ ಬಟನ್ ಕಂಡಿತು. ತಾಯಿ, ನಾನು ಯೋಚನೆ ಮಾಡಿ ಒತ್ತಲಿಲ್ಲ. ಮುಚ್ಚಿದ ಕಣ್ಣು ಕಂಡರೆ ಸರಿಮಾಡುವುದು, ಅಷ್ಟೇ, ಕೈ ತಾನಾಗಿ ಹೋಯಿತು. ಸುಳ್ಳು ಯಾಕೆ, ಕಣ್ಣು ಬಂದ ಆ ಗಳಿಗೆ ಖುಷಿಯೂ ಆಯಿತು. ಮಗಳು ನನ್ನನ್ನು ನೋಡಿದ ಹಾಗೆ ಅನ್ನಿಸಿತು.

ಸೇವ್ ಮಾಡಿದೆ, ಹಳೆಯ ಹೆಸರಿಗೇ. ನಾನು ಎಂದೂ ಎರಡು ಪ್ರತಿ ಇಡುವವನಲ್ಲ. ಎರಡಿದ್ದರೆ ಅವಸರದಲ್ಲಿ ತಪ್ಪಿದ್ದು ಪ್ರಿಂಟಿಗೆ ಹೋಗುತ್ತದೆ, ಒಮ್ಮೆ ಹಾಗಾಗಿ ಕೈ ಸುಟ್ಟುಕೊಂಡಿದ್ದೆ. ಮಾರನೇ ದಿನ ಹೊಸ ಪ್ರಿಂಟನ್ನು ಅದೇ ಚೌಕಟ್ಟಿಗೆ ಹಾಕೋಣ ಅಂತ ಹಳೆಯದನ್ನು ಗಾಜಿನಿಂದ ಬಿಡಿಸಿದೆ. ಅಂಟಿಕೊಂಡಿತ್ತು. ಮುಖದ ಭಾಗವೆಲ್ಲ ಪುಡಿಪುಡಿಯಾಗಿ ಗಾಜಿನ ಮೇಲೇ ಉಳಿಯಿತು. ಆಗಲೂ ನನಗೆ ಭಯವಾಗಲಿಲ್ಲ, ಕಂಪ್ಯೂಟರಿನಲ್ಲಿ ಚೆನ್ನಾಗಿರುವುದು ಇದೆಯಲ್ಲ ಅಂದುಕೊಂಡೆ.

ಹೊಸದನ್ನು ಚೌಕಟ್ಟಿಗೆ ಹಾಕಿ ಅವಳ ಕೈಗೆ ಕೊಟ್ಟೆ. ‘ಯಾರಿವಳು?’ ಅಂದಳು. ಅವತ್ತಿನಿಂದ ಗುಬ್ಬಿಯ ಹೆಸರು ಅವಳ ಬಾಯಲ್ಲಿ ಬಂದಿಲ್ಲ.

ನಾನು ಕೇಳಬೇಕಾಗಿದ್ದು ಇಷ್ಟೇ. ಒತ್ತಿದಾಗ ಫೋಟೋ ನಿಮ್ಮ ಯಂತ್ರಕ್ಕೆ ಬರುತ್ತದೆ ಅಂದಿದ್ದಿರಿ. ಬಂದಿದ್ದು ಹಳೆಯದು, ಕಣ್ಣು ಮುಚ್ಚಿದ್ದು. ಅದು ಅಲ್ಲಿ ಎಲ್ಲಾದರೂ ಉಳಿದಿರುತ್ತದೆಯೇ? ನಿಮ್ಮ ಕಾಲಿಗೆ ಬೀಳುತ್ತೇನೆ, ಹುಡುಕಿಸಿ. ಬೇರೆ ಯಾವ ಸಲಹೆಯನ್ನೂ ತೆಗೆದುಕೊಳ್ಳಬೇಡಿ, ಬಟನ್ ಕೂಡ ಬೇಡ.

ಗುಬ್ಬಿಯ ಅಪ್ಪ

ಏಪ್ರಿಲ್ 22

ಮೇಷ್ಟ್ರೇ,

ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ನೇರವಾಗಿ ಹೇಳಿಬಿಡುತ್ತೇನೆ.

ಉಳಿದಿತ್ತು. ನಮ್ಮ ಯಂತ್ರಕ್ಕೆ ಬಂದ ಪ್ರತಿ ಫೋಟೋ ಬಂದ ಹಾಗೆಯೇ ತೊಂಬತ್ತು ದಿನ ಇರುತ್ತದೆ, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ. ನಿಮ್ಮದು ಏಪ್ರಿಲ್ ಹನ್ನೆರಡರವರೆಗೆ ಇತ್ತು. ನಿಮ್ಮ ಪತ್ರ ಬಂದಿದ್ದು ಹತ್ತೊಂಬತ್ತಕ್ಕೆ.

ಸಂಗ್ರಹ ವಿಭಾಗ ನಮ್ಮ ಕಟ್ಟಡದ ಕೆಳಮಹಡಿಯಲ್ಲಿದೆ. ನಾನೇ ಇಳಿದು ಹೋದೆ. ಎರಡು ದಿನ ಅವರ ಬೆನ್ನು ಬಿಡಲಿಲ್ಲ. ಅತ್ತೂಬಿಟ್ಟೆ. ಅವರು ಕೆಟ್ಟವರಲ್ಲ, ಹುಡುಕಿದರು. ಫೋಟೋ ಬಂದ ದಿನಾಂಕ ಇದೆ, ಗಂಟೆ ಇದೆ, ಗಾತ್ರ ಇದೆ. ಚಿತ್ರ ಇಲ್ಲ.

ಇನ್ನೂ ಒಂದಿದೆ. ಇದನ್ನು ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಫೆಬ್ರವರಿಯ ಪತ್ರದಲ್ಲಿ ‘ಫೋಟೋ ನಮ್ಮ ಯಂತ್ರಕ್ಕೆ ಬರುತ್ತದೆ’ ಎಂದು ಬರೆದ ಮೇಲೆ ‘ತೊಂಬತ್ತು ದಿನ ಇಲ್ಲಿರುತ್ತದೆ’ ಅಂತಲೂ ಬರೆದಿದ್ದೆ. ಆಮೇಲೆ ಅಳಿಸಿದೆ. ಫೈಲು ಕಳೆದುಹೋಗಿದೆ ಎಂದು ಬಳಕೆದಾರರೇ ಹೇಳದ ಹೊರತು ಅದನ್ನು ತಿಳಿಸಬಾರದು ಅನ್ನುವುದು ನಮ್ಮ ನಿಯಮ. ತಿಳಿಸಿದರೆ ಎಲ್ಲರೂ ಕೇಳುತ್ತಾರೆ ಅಂತ. ನೀವು ಕಳೆದಿದೆ ಅಂದಿರಲಿಲ್ಲ. ಆದರೆ ಮಾರ್ಚ್‌ನಲ್ಲಿ ಅಡುಗೆಮನೆ ಅಂತ ಬರೆದಿದ್ದಿರಿ, ಬಟಾಣಿ ಸುಲಿಯುವುದನ್ನು ಬರೆದಿದ್ದಿರಿ. ಗಿರಾಕಿ ನಿಮ್ಮ ಅಡುಗೆಮನೆಯಲ್ಲಿ ಯಾಕೆ ಕೂತಿದ್ದಾಳೆ ಅಂತ ಒಂದು ಗಳಿಗೆ ಅನ್ನಿಸಿತ್ತು ಮೇಷ್ಟ್ರೇ. ನಲವತ್ತು ಪತ್ರ ಬಾಕಿ ಇತ್ತು, ಮುಂದಿನದಕ್ಕೆ ಹೋದೆ. ಅವತ್ತು ಕೇಳಿದ್ದರೆ ಇನ್ನೂ ಇಪ್ಪತ್ತೆಂಟು ದಿನ ಇತ್ತು.

ನಿಮ್ಮ ಪತ್ರಗಳನ್ನು ಓದಿ ನಗಿಸಿದೆನಲ್ಲ, ಅದು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಬಟನ್ ಒತ್ತುವ ಮೊದಲೇ ಮೂಲ ಪ್ರತಿ ತಾನಾಗಿ ಉಳಿಯಬೇಕು ಎಂದು ನನ್ನ ಹೆಸರಿನಲ್ಲೇ ಸಲಹೆ ಹಾಕಿದ್ದೇನೆ. ‘ಪಟ್ಟಿಯಲ್ಲಿದೆ’ ಎಂದು ಉತ್ತರ ಬಂದಿದೆ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.

ಮೇಜು ನಾಲ್ಕು

ಮೇ 6

ತಾಯಿ,

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಿಮ್ಮ ಪತ್ರ ಓದಿದ ಮೇಲೆ ನಾಲ್ಕು ದಿನ ಕಂಪ್ಯೂಟರ್ ಹಚ್ಚಲಿಲ್ಲ. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕತ್ತಲಲ್ಲಿ ಕೂತಿದ್ದೆ. ಇಪ್ಪತ್ತೆಂಟು ದಿನ, ಇಪ್ಪತ್ತೆಂಟು ದಿನ ಅಂತ ತಲೆಯಲ್ಲಿ ಅದೇ. ನಿಮ್ಮನ್ನು ಬೈದೆ, ಕಂಪನಿಯನ್ನು ಬೈದೆ. ಕೊನೆಗೆ ಒತ್ತಿದ ಬೆರಳು ಯಾರದು ಅಂತ ಬಂದಾಗ ಬೈಗುಳ ಮುಗಿಯಿತು. ಮೊದಲನೇ ಪತ್ರದಲ್ಲೇ ಮರ್ಯಾದೆ ಬಿಟ್ಟು ಅತ್ತಿದ್ದರೆ ನೀವು ಹುಡುಕಿಕೊಡುತ್ತಿದ್ದಿರಿ. ನನ್ನ ಮಗಳ ಮುಖಕ್ಕಿಂತ ನನಗೆ ಟಚಪ್ ಮೇಷ್ಟ್ರ ಹೆಸರು ದೊಡ್ಡದಾಯಿತು. ನೀವು ಊಟ ಬಿಡಬೇಡಿ.

ಪ್ರಿಂಟು ತೆಗೆಯುವುದು ನಿಲ್ಲಿಸಿದ್ದೇನೆ. ಬರೆದು ಬರೆದು ಈಗ ನನಗೇ ಅವಳ ಕಣ್ಣು ಹೇಗಿತ್ತೆಂದು ಖಾತ್ರಿ ಇಲ್ಲ. ಕಣ್ಣು ಮುಚ್ಚಿ ನೆನೆಸಿಕೊಂಡರೆ ನಿಮ್ಮ ಯಂತ್ರದ ಕಣ್ಣೇ ಬಂದು ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.

ನಿನ್ನೆ ನಡೆದಿದ್ದನ್ನು ಹೇಳಬೇಕು. ಹೇಳುವುದಕ್ಕೆ ನಿಮ್ಮನ್ನು ಬಿಟ್ಟು ಬೇರೆ ಜನವೂ ನನಗಿಲ್ಲ. ಬೆಳಗ್ಗೆ ಚೌಕಟ್ಟನ್ನು ಕಿಟಕಿಯಿಂದ ಇಳಿಸಿ ಸೀರೆ ಸೆರಗಿನಿಂದ ಒರೆಸುತ್ತಿದ್ದಳು. ನೆನಪು ಬಂತೇನೋ ಅಂತ ಹತ್ತಿರ ಹೋಗಿ ಕೂತೆ. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗಿಟ್ಟು, ‘ಯಾರದೋ ಮಗು ನಮ್ಮನೇಲಿ ಉಳ್ಕೊಂಡ್‌ಬಿಟ್ಟಿದೆ. ಪಾಪ, ಹೆತ್ತವಳು ಎಲ್ಲೆಲ್ಲಿ ಹುಡುಕ್ತಿದಾಳೋ ಏನೋ. ಹೋಗಿ ಕೊಟ್ಟು ಬನ್ನಿ’ ಅಂದಳು.

ಆಯಿತು ಅಂದೆ. ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದು, ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಒರಗಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಅಂಗಡಿಯವರು ಹೊರಗೆ ಬಂದು ‘ಹುಷಾರಿದೀರಾ ಮೇಷ್ಟ್ರೇ?’ ಅಂದರು. ತಲೆ ಆಡಿಸಿದೆ. ಚೌಕಟ್ಟನ್ನು ಸ್ಟುಡಿಯೋದ ಕಪಾಟಿನಲ್ಲಿಟ್ಟು, ಮುಖ ತೊಳೆದುಕೊಂಡು ಒಳಗೆ ಹೋದೆ.

ಬಾಗಿಲಲ್ಲೇ ಕಾಯುತ್ತಿದ್ದಳು. ‘ಸಿಕ್ಕಿದ್ರಾ ಅವರಮ್ಮ?’

‘ಸಿಕ್ಕಿದ್ರು.’

‘ಏನಂದ್ರು?’

‘ಅತ್ತರು’ ಅಂದೆ.

‘ಅಳಲಿ ಬಿಡಿ’ ಅಂದಳು. ‘ಮಗು ಮನೆಗೆ ಬಂತಲ್ಲ.’